ಅಜ್ಜಿಯ ಸೋಬಾನೆ ಪದಗಳ ಆ್ಯಪ್: ಬ್ಯಾಕಪ್ ಕೊನೆಗೂ ಸರಿಹೋಯ್ತು

ಶನಿವಾರ

ಅಜ್ಜಿ ಹೇಳುವ ಸೋಬಾನೆ ಪದಗಳನ್ನು ಬರೆದಿಡಲು ಮಾಡುತ್ತಿರುವ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಈಗ 42 ಪದಗಳಿವೆ. ಎಲ್ಲವೂ ಆ್ಯಪ್‌ನ ಒಳಗಿನ ಫೋಲ್ಡರಿನಲ್ಲೇ ಇವೆ. ಅಲ್ಲಿ ಬರೆಯಲು ಯಾವ ಪರ್ಮಿಷನ್ನೂ ಬೇಡ. ಪ್ರತಿ ಆ್ಯಪ್‌ಗೂ ಆಂಡ್ರಾಯ್ಡ್‌ನ ಬುಡದಲ್ಲಿರುವ ಲಿನಕ್ಸ್ ಬೇರೆ ಬೇರೆ ಯೂಸರ್ ಐಡಿ (ಬಳಕೆದಾರನ ಗುರುತು) ಕೊಟ್ಟಿರುವುದರಿಂದ ಇನ್ನೊಂದು ಆ್ಯಪ್ ಅಲ್ಲಿ ಇಣುಕಲೂ ಆಗಲ್ಲ. ಆದರೆ ಆ್ಯಪ್ ತೆಗೆದುಹಾಕಿದರೆ ಫೋಲ್ಡರೂ ಅದರ ಜೊತೆಗೇ ಹೋಗುತ್ತದೆ. ಅಜ್ಜಿಗೆ 81 ವರ್ಷ. ಎಲ್ಲವನ್ನೂ ಮತ್ತೊಮ್ಮೆ ಹೇಳಿಸಲು ನನಗೆ ಮನಸ್ಸಿಲ್ಲ. ಬ್ಯಾಕಪ್ ಹೊರಗೆ ಇರಲೇಬೇಕು.

2019ರಲ್ಲಿ ಆಂಡ್ರಾಯ್ಡ್ 10ರ ಜೊತೆ ಸ್ಕೋಪ್ಡ್ ಸ್ಟೋರೇಜ್ (ಫೈಲುಗಳ ವಿಷಯದಲ್ಲಿ ಆ್ಯಪ್‌ಗಳಿಗೆ ಹಾಕಿದ ಬೇಲಿ) ಬಂದ ಮೇಲೆ ಆ್ಯಪ್‌ಗಳು ಫೋನಿನ ತುಂಬಾ ಓಡಾಡುವ ಕಾಲ ಹೋಯಿತು. ಆದ್ದರಿಂದ ಸ್ಟೋರೇಜ್ ಆಕ್ಸೆಸ್ ಫ್ರೇಮ್‌ವರ್ಕ್ ಬಳಸಿದೆ. ಎಲ್ಲಿ ಉಳಿಸಬೇಕು ಅಂತ ಫೋನ್ ಕೇಳುತ್ತದೆ, ನಾವು ಜಾಗ ತೋರಿಸುತ್ತೇವೆ, ಆ ಒಂದು ಫೈಲಿಗೆ ಮಾತ್ರ ಆ್ಯಪ್‌ಗೆ ಅನುಮತಿ ಸಿಗುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದ ಮೇಲೂ ಅನುಮತಿ ಉಳಿಯಬೇಕೆಂದರೆ ಅದನ್ನು ಕೋಡ್‌ನಲ್ಲಿ ಬೇರೆಯಾಗಿ ಕೇಳಿಕೊಳ್ಳಬೇಕು. ಈ ಪದ್ಧತಿ ನನಗೆ ಇಷ್ಟವಾಯಿತು. ಯಾವುದೋ ಟಾರ್ಚ್ ಆ್ಯಪ್ ನನ್ನ ಫೋಟೊಗಳನ್ನೆಲ್ಲ ಯಾಕೆ ನೋಡಬೇಕು, ಅಲ್ವಾ?

ಭಾನುವಾರ

ಎರಡು ಪದ ಎರಡೆರಡು ಸಲ ಸೇರಿದ್ದವು. ಅಳಿಸಿದೆ, ಅದೇ ಫೈಲಿಗೆ ಮತ್ತೆ ಬ್ಯಾಕಪ್ ಮಾಡಿದೆ. ವಾಪಸ್ ಓದಿಸಿದರೆ ಜೇಸನ್ (ಮಾಹಿತಿಯನ್ನು ಆವರಣಗಳೊಳಗೆ ಬರೆದಿಡುವ ಫೈಲ್ ರೂಪ) ಎರರ್! ಎದೆ ಧಸಕ್ಕೆಂದಿತು. ಫೈಲ್ ತೆರೆದು ನೋಡಿದೆ. ಕೊನೆಯ ಆವರಣ ಮುಚ್ಚಿದ ಮೇಲೂ ಏನೋ ಉಳಿದಿತ್ತು: ಒಂದು ಪ್ರಶ್ನೆ ಚಿಹ್ನೆಯ ಗುರುತು, ಅದಾದ ಮೇಲೆ ‘ಸೆಗೆ ಕರೆತನ್ನಿ’. ಅದು ‘ಹಸೆಗೆ ಕರೆತನ್ನಿ’ಯ ಬಾಲ. ಅಕ್ಷರಗಳನ್ನು ಕಂಪ್ಯೂಟರ್ ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ‘ಹ’ಗೆ ಮೂರು ಬೈಟ್ ಬೇಕು. ಹೊಸ ಬರಹ ಸರಿಯಾಗಿ ಅದರ ನಡುವೆ ಮುಗಿದಿತ್ತು. ಫೈಲಿನ ಗಾತ್ರವೂ ನಿನ್ನೆಯಷ್ಟೇ ಇತ್ತು. ಅಂದರೆ ಹಳೆಯದು ಅಳಿದೇ ಇಲ್ಲ, ಅದರ ಮೇಲೇ ಹೊಸದು ಕೂತಿದೆ.

ಕಾರಣ ಒಂದೇ ಅಕ್ಷರ. ಬರೆಯಲು ಫೈಲನ್ನು (ಔಟ್‌ಪುಟ್ ಸ್ಟ್ರೀಮ್) ತೆರೆಯುವಾಗ ‘ಡಬ್ಲ್ಯೂ’, ಅಂದರೆ ಬರೆ, ಅಂತ ಕೊಟ್ಟಿದ್ದೆ. ಹಳೆಯದನ್ನು ಅಳಿಸಿಯೇ ಬರೆಯುತ್ತದೆ ಎಂಬ ಖಾತ್ರಿ ಆಂಡ್ರಾಯ್ಡ್ 10ರಿಂದ ಅದಕ್ಕಿಲ್ಲ. ‘ಡಬ್ಲ್ಯೂಟಿ’, ಅಂದರೆ ಹಳೆಯದನ್ನು ಅಳಿಸಿ ಬರೆ, ಅಂತ ಕೊಡಬೇಕು. ಬದಲಿಸಿದೆ. ಬರೆದ ತಕ್ಷಣ ಫೈಲನ್ನು ಓದಿ, ಪದಗಳನ್ನು ಎಣಿಸಿ, ಲೆಕ್ಕ ತಾಳೆಯಾದರೆ ಮಾತ್ರ ‘ಉಳಿಯಿತು’ ಎಂದು ತೋರಿಸುವ ಹಾಗೂ ಮಾಡಿದೆ.

ರಾತ್ರಿ ಫೈಲಿನ ಒಂದು ಕಾಪಿ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಧೈರ್ಯ ಮಾಡಿ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದೆ. ಮತ್ತೆ ಹಾಕಿದೆ. ಹಳೆ ಅನುಮತಿ ಹೋಗಿರುತ್ತದೆ, ಹಾಗಾಗಿ ಫೈಲನ್ನು ಇನ್ನೊಮ್ಮೆ ಆರಿಸಿಕೊಟ್ಟೆ. 40 ಪದಗಳೂ ಬಂದವು. ನಾಳೆಯಿಂದ ಅಜ್ಜಿಯ ದನಿಯ ರೆಕಾರ್ಡಿಂಗ್ ಸೇರಿಸುವ ಕೆಲಸ.