ಗೆದ್ದರಲ್ಲ, ಅದೇ ಸಾಕ್ಷಿ

ಈ ವಾರ ‘ಕ್ಯಾಸಿನೊ’ ಮತ್ತೆ ನೋಡಿದ್ದಾಯಿತು. ಮಾರ್ಟಿನ್ ಸ್ಕಾರ್ಸೆಸಿಯ 1995ರ ಸಿನಿಮಾ, 178 ನಿಮಿಷ, ಮಾಫಿಯಾ ಹಿಡಿತದಲ್ಲಿರುವ ಲಾಸ್ ವೇಗಾಸ್‌ನ ಒಂದು ಜೂಜಿನ ಮನೆಯ ಕಥೆ. ಮರುಭೂಮಿಯ ಗುಂಡಿಗಳು, ಸುತ್ತಿಗೆಯ ಏಟು ಎಲ್ಲ ಹಿಂದೆ ಸರಿದು ಒಂದೇ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ‘ಗೆದ್ದರಲ್ಲ!’

ಸ್ಲಾಟ್ ಯಂತ್ರಗಳನ್ನು ನೋಡಿಕೊಳ್ಳುವ ವಾರ್ಡ್‌ನನ್ನು ಕ್ಯಾಸಿನೊ ನಡೆಸುವ ಸ್ಯಾಮ್ ರಾತ್‌ಸ್ಟೀನ್ ತರಾಟೆಗೆ ತೆಗೆದುಕೊಳ್ಳುವ ದೃಶ್ಯ. ಸ್ಯಾಮ್ ಆಗಿ ರಾಬರ್ಟ್ ಡಿ ನಿರೋ. ಇಪ್ಪತ್ತು ನಿಮಿಷದೊಳಗೆ ಮೂರು ಯಂತ್ರಗಳಲ್ಲಿ ಮೂರು ಜಾಕ್‌ಪಾಟ್ ಬಿದ್ದಿವೆ. ಮೋಸ ಅಂತ ಕಂಡುಹಿಡಿಯೋಕೆ ದಾರಿಯೇ ಇಲ್ಲ ಎಂದು ವಾರ್ಡ್ ಕೈಚೆಲ್ಲುತ್ತಾನೆ. ಇದೆ, ತಪ್ಪದ ದಾರಿ ಇದೆ, ಅವರು ಗೆದ್ದರಲ್ಲ, ಎನ್ನುತ್ತಾನೆ ಸ್ಯಾಮ್.

ನಾಲ್ಕು ರೀಲಿನ, ಅಂದರೆ ಚಿಹ್ನೆಗಳಿರುವ ನಾಲ್ಕು ತಿರುಗುವ ಚಕ್ರಗಳ, ಒಂದು ಯಂತ್ರದಲ್ಲಿ ಎಲ್ಲದರಲ್ಲೂ ‘7’ ಬಂದು ಜಾಕ್‌ಪಾಟ್ ಬೀಳುವುದು 15 ಲಕ್ಷಕ್ಕೆ ಒಂದು ಸಲ ಎಂದು ಅವನು ಹೇಳುವ ಅಂಕಿ ಬಾಯಿಗೆ ಬಂದದ್ದಲ್ಲ. ಒಂದೊಂದು ರೀಲಿನಲ್ಲೂ 35 ಚಿಹ್ನೆ, ಅದರಲ್ಲಿ ‘7’ ಇರುವುದು ಒಂದೇ ಒಂದು ಅಂತಿಟ್ಟುಕೊಳ್ಳಿ. ನಾಲ್ಕು 35ಗಳನ್ನು ಗುಣಿಸಿದರೆ 15,00,625. ಸಾಲಾಗಿ ಮೂರು ಯಂತ್ರ ಎಂದರೆ ಆ ಸಂಖ್ಯೆಯನ್ನು ಅದರಿಂದಲೇ ಇನ್ನೆರಡು ಸಲ ಗುಣಿಸಬೇಕು. ಮೊದಲನೆಯ ಜಾಕ್‌ಪಾಟನ್ನು ಅದೃಷ್ಟ ಅನ್ನಬಹುದು. ಎರಡನೆಯದು ಬಿದ್ದ ಕೂಡಲೇ ಯಂತ್ರಗಳನ್ನು ನಿಲ್ಲಿಸಿ ಮೇಲಿನವರಿಗೆ ಫೋನ್ ಮಾಡಬೇಕಿತ್ತು. ವಾರ್ಡ್ ಮಾಡಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದರೆ ಕಳ್ಳ, ಗೊತ್ತಾಗದಿದ್ದರೆ ದಡ್ಡ, ಎರಡರಲ್ಲಿ ಯಾವುದಾದರೂ ಕೆಲಸ ಹೋಯಿತು.

ಗೆದ್ದದ್ದೇ ಕಳ್ಳತನಕ್ಕೆ ಸಾಕ್ಷಿಯಾಗುವ ಜಾಗ ಅದು. ಜಪಾನಿನ ಜೂಜುಗಾರ ಇಚಿಕಾವಾ ಬ್ಯಾಕರಾ ಎಂಬ ಇಸ್ಪೀಟಾಟ ಆಡಿ ಗೆದ್ದು ಹೊರಟಾಗ ವಿಮಾನ ಕೆಟ್ಟಿದೆ ಎಂದು ನೆಪ ಹೇಳಿ ವಾಪಸು ಕರೆತರುತ್ತಾರೆ. ಯಾಕೆಂದರೆ ಬ್ಯಾಕರಾದಲ್ಲಿ ಕ್ಯಾಸಿನೊಗೆ ಸಿಗುವ ಮೇಲುಗೈ ತೀರಾ ಸಣ್ಣದು. ಅದರಲ್ಲಿ ಪಣ ಕಟ್ಟುವುದು ಬ್ಯಾಂಕರ್, ಪ್ಲೇಯರ್ ಎಂಬ ಎರಡು ಕೈಗಳಲ್ಲಿ ಒಂದರ ಮೇಲೆ. ಬ್ಯಾಂಕರ್ ಮೇಲೆ ಕಟ್ಟಿದರೆ ಶೇ 1.06, ಪ್ಲೇಯರ್ ಮೇಲೆ ಕಟ್ಟಿದರೆ ಶೇ 1.24. ಒಂದು ರಾತ್ರಿಯಲ್ಲಿ ಯಾರು ಬೇಕಾದರೂ ಗೆಲ್ಲಬಹುದು. ಸಾವಿರಾರು ಕೈ ಆಡಿಸಿದರೆ ಮಾತ್ರ ಆ ಒಂದು ಚಿಲ್ಲರೆ ಪರ್ಸೆಂಟ್ ತನ್ನ ಕೆಲಸ ಮಾಡುತ್ತದೆ. ವಾಪಸು ಬಂದ ಇಚಿಕಾವಾ ಮೊದಲು ಕೈಗೆ ಸಾವಿರ ಡಾಲರ್ ಮಾತ್ರ ಕಟ್ಟುತ್ತಾನೆ. ದೊಡ್ಡದಾಗಿ ಕಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂಬ ಸಂಕಟ ತಡೆಯಲಾರದೆ ಪಣ ಏರಿಸುತ್ತಾನೆ. ಗೆದ್ದದ್ದೆಲ್ಲ ಹೋಗಿ, ಮೇಲೆ ಸ್ವಂತದ ಹತ್ತು ಲಕ್ಷ ಡಾಲರೂ ಹೋಗುತ್ತದೆ. ಜೂಜಿನ ಮನೆಯ ಆರ್ಥಿಕತೆಯನ್ನು ಇಷ್ಟು ಕಡಿಮೆ ಹೊತ್ತಿನಲ್ಲಿ, ಇಷ್ಟು ಸರಿಯಾಗಿ ಹೇಳಿದ ಇನ್ನೊಂದು ಸಿನಿಮಾ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚಿತ್ರೀಕರಣ ನಡೆದದ್ದೂ ಲಾಸ್ ವೇಗಾಸ್‌ನ ನಿಜವಾದ ರಿವಿಯೆರಾ ಕ್ಯಾಸಿನೊದಲ್ಲಿ, ರಾತ್ರಿಹೊತ್ತು.

ಮತ್ತೆ ವಾರ್ಡ್‌ಗೇ ಬರುತ್ತೇನೆ. ಅವನು ಕೌಂಟಿ ಕಮಿಷನರ್ ಪ್ಯಾಟ್ ವೆಬ್‌ನ ಭಾವಮೈದ. ಇನ್ನೂ ಕೆಳಗಿನ ಯಾವುದಾದರೂ ಕೆಲಸ ಕೊಡಿ ಎಂದು ಕೇಳಲು ವೆಬ್ ತಾನೇ ಬರುತ್ತಾನೆ. ಬಂದಿದ್ದಾನೆ ಎಂದು ತಿಳಿದಾಗ ಸ್ಯಾಮ್ ಮೇಜಿನ ಹಿಂದಿನಿಂದ ಏಳುತ್ತಾನೆ. ಮೇಲೆ ಕೋಟು, ಟೈ ಎಲ್ಲ ನೆಟ್ಟಗಿದೆ, ಕೆಳಗೆ ಪ್ಯಾಂಟೇ ಇಲ್ಲ. ಇಸ್ತ್ರಿ ಮುರಿಯಬಾರದಲ್ಲ, ಕಪಾಟಿನಲ್ಲಿ ತೂಗುಹಾಕಿದ್ದಾನೆ. ಅದನ್ನು ನಿಧಾನವಾಗಿ ಹಾಕಿಕೊಂಡು, ಆಮೇಲೆ ಕೂತು, ಆಗುವುದಿಲ್ಲ ಎನ್ನುತ್ತಾನೆ. ವಾರ್ಡ್ ವಿಷಯದಲ್ಲಿ ಸ್ಯಾಮ್ ಹೇಳುವುದು ಅಕ್ಷರಶಃ ಸರಿ. ಆದರೂ ಆ ಹೊತ್ತಿನಲ್ಲಿ ನನಗೆ ಮರುಕ ಬರುವುದು ತಗ್ಗಿದ ದನಿಯಲ್ಲಿ ಕೇಳುತ್ತಿರುವ ವೆಬ್ ಮೇಲೆ. ಮಾವಿನ ಮಿಡಿಯಷ್ಟು ಕೆಲಸ ಕೊಟ್ಟಿದ್ದರೂ ಸಾಕಿತ್ತು. ಮುಂದೆ ಕ್ಯಾಸಿನೊ ನಡೆಸಲು ಬೇಕಾದ ಸ್ಯಾಮ್‌ನ ಲೈಸೆನ್ಸ್ ಅರ್ಜಿ, ವೆಬ್‌ನ ಮಾತು ನಡೆಯುವ ಮಂಡಳಿಯ ಮುಂದೆ ಬಂದಾಗ ಅದನ್ನು ಕೇಳಿಸಿಕೊಳ್ಳುವ ಸೌಜನ್ಯವನ್ನೂ ಮಂಡಳಿಯವರು ತೋರುವುದಿಲ್ಲ.

ಲೆಕ್ಕದಲ್ಲಿ ಪಳಗಿದ ಈ ಮನುಷ್ಯ ನೆಂಟಸ್ತನದ ಬೆಲೆಯನ್ನು ಒಮ್ಮೆಯೂ ಸರಿಯಾಗಿ ಕಟ್ಟುವುದಿಲ್ಲ. ಮನೆಯಲ್ಲೂ ಹಾಗೇ. ಡೀಲರ್‌ನಿಂದ ಮ್ಯಾನೇಜರ್‌ವರೆಗೆ ಒಬ್ಬರ ಮೇಲೊಬ್ಬರನ್ನು ಕಾವಲಿಟ್ಟವನು ಬ್ಯಾಂಕ್ ಲಾಕರಿನಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ನಗದು ಇಟ್ಟು, ಬೀಗದ ಕೈಯನ್ನು ಹೆಂಡತಿ ಜಿಂಜರ್‌ಗೊಬ್ಬಳಿಗೇ ಕೊಡುತ್ತಾನೆ. ಅವಳೋ, ಪ್ರೀತಿಸಿಲ್ಲ ಎಂದು ಮದುವೆಗೆ ಮೊದಲೇ ಹೇಳಿದ್ದಳು. ಶಾರನ್ ಸ್ಟೋನ್ ಅಭಿನಯದ ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ನನ್ನ ಮಟ್ಟಿಗೆ ಪ್ರಶಸ್ತಿಯೇ ಸಿಗಬೇಕಿತ್ತು.

ಕೊನೆಗೆ ಎಲ್ಲ ಮುರಿದು ಬೀಳುವುದು ಜೂಜಿನ ಮೇಜಿನಿಂದ ದೂರ, ಕಾನ್ಸಾಸ್ ಸಿಟಿಯ ಒಂದು ದಿನಸಿ ಅಂಗಡಿಯಲ್ಲಿ. ಎಣಿಸುವ ಕೋಣೆಯಿಂದ ಲೆಕ್ಕಕ್ಕೆ ಬರುವ ಮೊದಲೇ ಸೂಟ್‌ಕೇಸಿನಲ್ಲಿ ತೆಗೆದ ದುಡ್ಡು ಮಾಫಿಯಾದ ಪಾಲಾಗಿ ಆ ಊರಿಗೆ ಹೋಗುತ್ತಿತ್ತು. ಬೇರಾವುದೋ ಕೊಲೆಯ ಸುಳಿವಿಗಾಗಿ ಎಫ್‌ಬಿಐ ಅಲ್ಲಿ ಕದ್ದಾಲಿಸುವ ಸಾಧನ ಇಟ್ಟಿರುತ್ತದೆ. ಅಂಗಡಿಯ ಪಿಸ್ಕಾನೊ, ಕದ್ದ ದುಡ್ಡಿನಲ್ಲೂ ಯಾರೋ ಕದಿಯುತ್ತಿದ್ದಾರೆ ಎಂದು ಲಾಸ್ ವೇಗಾಸ್‌ನವರ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈಯುತ್ತಿದ್ದಾನೆ. ಪಕ್ಕದಲ್ಲಿ ನಿಂತ ಮುದಿ ತಾಯಿ, ನಿರ್ದೇಶಕರ ಸ್ವಂತ ತಾಯಿ ಕ್ಯಾಥರೀನ್ ಸ್ಕಾರ್ಸೆಸಿ, ಅವನು ಆಡುವ ಕೆಟ್ಟ ಮಾತಿಗೆ ಅವನನ್ನು ಗದರುತ್ತಿದ್ದಾಳೆ.