‘ಸೆಬೆ ಕ್ಲೌನ್’ ಎಂದು ಆರ್ಡರ್ ಬರೆಯುವ ಮುನ್ನ

ಕಡಲ ಅಕ್ವೇರಿಯಂ ಮೀನು ಮಾರುವವರ ಸ್ಟಾಕ್ ಲಿಸ್ಟ್‌ನಲ್ಲಿ ‘ಸೆಬೆ ಕ್ಲೌನ್’ (ಕ್ಲೌನ್ ಮೀನಿನ ಒಂದು ಬಗೆ) ಎಂದಿದ್ದರೆ ಪ್ಯಾಕೆಟ್‌ನಲ್ಲಿ ಬಹಳ ಸಲ ಬರುವುದು ಆಂಫಿಪ್ರಿಯಾನ್ ಕ್ಲಾರ್ಕೀ. ನಿಜವಾದ ಆಂಫಿಪ್ರಿಯಾನ್ ಸೆಬೆ ಬೇರೆ ಪ್ರಭೇದ. ಹಿಂದೂ ಮಹಾಸಾಗರದ್ದು, ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲೂ ಸಿಗುತ್ತದೆ. ಗುರುತಿಸುವುದು ಕಷ್ಟವಲ್ಲ. ಸೆಬೆಯ ನಡುಪಟ್ಟಿ ಸ್ವಲ್ಪ ಹಿಂದಕ್ಕೆ ವಾಲಿ ಬೆನ್ನಿನ ಈಜುರೆಕ್ಕೆಯ ಹಿಂಭಾಗಕ್ಕೆ ಏರಿರುತ್ತದೆ, ಬಾಲದ ಬುಡದಲ್ಲಿ ಬಿಳಿ ಪಟ್ಟಿ ಇರುವುದಿಲ್ಲ. ಕ್ಲಾರ್ಕೀಯಲ್ಲಿ ಸಾಮಾನ್ಯವಾಗಿ ಬಾಲದ ಬುಡದಲ್ಲೂ ಒಂದು ಬಿಳಿ ಪಟ್ಟಿ ಕಾಣುತ್ತದೆ.

ಗೊಂದಲ ಅಲ್ಲಿಗೇ ನಿಲ್ಲುವುದಿಲ್ಲ. ಕ್ಲೌನ್‌ಗಳು ಅನಿಮೋನ್ ಎಂಬ ಹೂವಿನಂಥ ಕಡಲ ಪ್ರಾಣಿಯಲ್ಲಿ ಆಶ್ರಯ ಪಡೆಯುತ್ತವೆ. ‘ಸೆಬೆ ಅನಿಮೋನ್’ ಎಂಬ ಹೆಸರಲ್ಲಿ ಮಾರುವುದು ಹೆಟೆರಾಕ್ಟಿಸ್ ಕ್ರಿಸ್ಪಾ. ಈಚಿನ ಪಟ್ಟಿಗಳಲ್ಲಿ ಇದು ರೇಡಿಯಾಂಥಸ್ ಕ್ರಿಸ್ಪಾ. ಹೆಸರು ಹೊಂದುತ್ತದೆ ಎಂದು ಗ್ರಾಹಕರು ಸೆಬೆ ಮೀನಿನ ಜೊತೆ ಇದನ್ನೇ ಕೊಳ್ಳುತ್ತಾರೆ. ಕಡಲಲ್ಲಿ ಸೆಬೆ ಮೀನು ವಾಸಿಸುವುದು ಸ್ಟೈಕೋಡಾಕ್ಟಿಲಾ ಹಡ್ಡೋನಿ ಎಂಬ ಕಾರ್ಪೆಟ್ ಅನಿಮೋನ್‌ನಲ್ಲಿ. ಹಡ್ಡೋನಿ ಮರಳಿನಲ್ಲಿ ಪಾದ ಹೂತು ಕೂರುವಂಥದ್ದು, ಟ್ಯಾಂಕ್‌ನ ಬೇರೆ ಮೀನುಗಳನ್ನು ಹಿಡಿದು ನುಂಗಲೂಬಲ್ಲದು. ‘ಕಾರ್ಪೆಟ್’ ಎಂಬ ಹೆಸರೂ ಒಂದಕ್ಕೇ ಮೀಸಲಲ್ಲ, ಸ್ಟೈಕೋಡಾಕ್ಟಿಲಾ ಜೈಜಾಂಟಿಯಾಗೂ ಅದನ್ನೇ ಹೇಳುತ್ತಾರೆ. ಕ್ಲಾರ್ಕೀಗೆ ಇಷ್ಟು ಹಟವಿಲ್ಲ. ಕ್ಲೌನ್‌ಗಳು ಆಶ್ರಯಿಸುವ 10 ಬಗೆಯ ಅನಿಮೋನ್‌ಗಳಲ್ಲಿ ಯಾವುದಾದರೂ ಅದಕ್ಕೆ ಸರಿ. ಹಾಗಾಗಿ ಮೀನಿನ ಗುರುತು ಖಚಿತವಾಗುವ ತನಕ ಅನಿಮೋನ್ ಬಿಲ್ ಮಾಡಬಾರದು.

ಆಸೆಲ್ಲಾರಿಸ್ ಮತ್ತು ಪರ್ಕ್ಯುಲಾ ಎಂಬ, ನೋಡಲು ಒಂದೇ ತರದ ಎರಡು ಕ್ಲೌನ್‌ಗಳ ಕಥೆ ವ್ಯಾಪಾರದವರಿಗೆಲ್ಲ ಗೊತ್ತಿದ್ದರೂ ಟ್ಯಾಂಕ್ ಲೇಬಲ್‌ಗಳಲ್ಲಿ ಇಂದಿಗೂ ಅದಲುಬದಲಾಗಿರುತ್ತವೆ. ಆಸೆಲ್ಲಾರಿಸ್‌ಗೆ ಬೆನ್ನಿನ ರೆಕ್ಕೆಯಲ್ಲಿ ಸಾಮಾನ್ಯವಾಗಿ 11 ಮುಳ್ಳು, ಪರ್ಕ್ಯುಲಾಗೆ 10. ಒಂದು ಹೆಚ್ಚುಕಡಿಮೆ ಇರುವ ಮೀನುಗಳೂ ಉಂಟು, ಆದ್ದರಿಂದ ಕಣ್ಣನ್ನೂ ನೋಡಿ: ಪರ್ಕ್ಯುಲಾದ ಕಣ್ಣಿನ ಸುತ್ತ ಹೊಳೆಯುವ ಕಿತ್ತಳೆ, ಆಸೆಲ್ಲಾರಿಸ್‌ನಲ್ಲಿ ಬೂದು ಬೆರೆತ ಕಿತ್ತಳೆ. ಮುಳ್ಳು ಎಣಿಸಲು ಮೀನು ರೆಕ್ಕೆ ಬಿಚ್ಚಬೇಕು. ಚಿಕ್ಕ ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು, ಹಿಂದಿನಿಂದ ಬೆಳಕು ಕೊಟ್ಟು, ಪಕ್ಕದಿಂದ ಫೋನಿನಲ್ಲಿ ಸಾಲಾಗಿ ಹಲವು ಫೋಟೊ ತೆಗೆದರೆ ಒಂದರಲ್ಲಾದರೂ ರೆಕ್ಕೆ ಬಿಚ್ಚಿಕೊಂಡಿರುತ್ತದೆ. ‘ಸ್ನೋಫ್ಲೇಕ್’, ‘ಪಿಕಾಸೋ’ ಮುಂತಾದವು ಹ್ಯಾಚರಿ ತಳಿಗಳ ಹೆಸರು, ಪ್ರಭೇದದ್ದಲ್ಲ. ಎರಡೂ ಪ್ರಭೇದ ಬೆರೆಸಿದ ಮರಿಗಳಾದರೆ ಮುಳ್ಳಿನ ಲೆಕ್ಕವನ್ನು ನಂಬಲಾಗದು, ಹ್ಯಾಚರಿಯನ್ನೇ ಕೇಳಬೇಕು.

ಹೆಚ್ಚು ನಷ್ಟ ಆಗುವುದು ‘ರಾಯಲ್’ ಎಂಬ ಪದದಿಂದ. ರಾಯಲ್ ಗ್ರಾಮಾ ಎಂದರೆ ಗ್ರಾಮಾ ಲೊರೆಟೊ, ಕೆರಿಬಿಯನ್ ಕಡೆಯ ಸಾಧು ಮೀನು. ದೂರದಿಂದ ಬರುವುದರಿಂದ ನಮ್ಮಲ್ಲಿ ದುಬಾರಿ. ರಾಯಲ್ ಡಾಟಿಬ್ಯಾಕ್ ಎಂದರೆ ಪಿಕ್ಟಿಕ್ರೋಮಿಸ್ ಪ್ಯಾಕಗ್ನೆಲೆ, ಪೆಸಿಫಿಕ್‌ನದು, ತನ್ನ ಜಾಗಕ್ಕೆ ಬಂದವರನ್ನೆಲ್ಲ ಕಚ್ಚುತ್ತದೆ. ಎರಡರಲ್ಲೂ ಮುಂದೆ ನೇರಳೆ, ಹಿಂದೆ ಹಳದಿ. ಗ್ರಾಮಾದಲ್ಲಿ ಬಣ್ಣಗಳು ನಿಧಾನವಾಗಿ ಒಂದರೊಳಗೊಂದು ಸೇರುತ್ತವೆ, ಬೆನ್ನಿನ ರೆಕ್ಕೆಯ ಮುಂದೆ ಕಪ್ಪು ಚುಕ್ಕೆ ಇದೆ, ಕಣ್ಣಿನ ಮೇಲೆ ಹಾದ ಗೆರೆ ಇದೆ. ಡಾಟಿಬ್ಯಾಕ್‌ನಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಗಡಿ, ಚುಕ್ಕೆ ಇಲ್ಲ. ಇದನ್ನು ಬ್ಯಾಗ್‌ನಲ್ಲಿರುವಾಗಲೇ ನೋಡಬೇಕು. ಒಮ್ಮೆ ಕೋರಲ್ (ಹವಳ) ಇರುವ ರೀಫ್ ಟ್ಯಾಂಕ್‌ಗೆ ಬಿಟ್ಟರೆ ಸಂದಿಗೆ ಸೇರಿದ ಡಾಟಿಬ್ಯಾಕನ್ನು ಹಿಡಿಯಲು ಟ್ರ್ಯಾಪ್ ಇಡಬೇಕು, ಇಲ್ಲವೇ ಕಲ್ಲುಗಳನ್ನೆಲ್ಲ ಎತ್ತಬೇಕು. ಕೋರಲ್ ಮುರಿಯುವುದು ಆಗಲೇ.

‘ಬ್ಲೂ ಟ್ಯಾಂಗ್’ ಎಂದಷ್ಟೇ ಬರೆದರೆ ಪ್ಯಾರಾಕ್ಯಾಂಥುರಸ್ ಹೆಪಾಟಸ್ ಆದರೂ ಆದೀತು, ಅಟ್ಲಾಂಟಿಕ್‌ನ ಅಕ್ಯಾಂಥುರಸ್ ಸೆರುಲಿಯಸ್ ಆದರೂ ಆದೀತು. ಸೆರುಲಿಯಸ್‌ನ ಮರಿ ಹಳದಿ ಬಣ್ಣದ್ದು ಎನ್ನುವುದು ಇನ್ನೊಂದು ತೊಡಕು. ಹೆನಿಯೋಕಸ್ ಎಂಬ ಬ್ಯಾನರ್ ಮೀನುಗಳಲ್ಲಿ ಡಿಫ್ರ್ಯೂಟಿಸ್ ಪ್ರಭೇದ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸಣ್ಣ ಜೀವಿಗಳು) ತಿಂದು ಗುಂಪಾಗಿ ಇರುತ್ತದೆ. ಅಕ್ಯುಮಿನೇಟಸ್ ಕೋರಲ್ ಕಚ್ಚುವ ಅಪಾಯ ಹೆಚ್ಚು. ಮೊದಲಿನದಕ್ಕೆ ಬೆನ್ನಿನ ರೆಕ್ಕೆಯಲ್ಲಿ ಸಾಮಾನ್ಯವಾಗಿ 12 ಮುಳ್ಳು, ಮೂತಿ ಗಿಡ್ಡ. ಎರಡನೆಯದಕ್ಕೆ ಸಾಮಾನ್ಯವಾಗಿ 11.

ಆರ್ಡರ್ ಬರೆಯುವಾಗ ವೈಜ್ಞಾನಿಕ ಹೆಸರು ಪೂರ್ತಿ ಇರಲಿ, ರೋಮನ್ ಲಿಪಿಯಲ್ಲೇ ಇರಲಿ. ಇಲ್ಲಿ ಕನ್ನಡದಲ್ಲಿ ಬರೆದಂತೆ ಅಲ್ಲಿ ಬರೆದರೆ ಕಾಗುಣಿತ ಒಬ್ಬೊಬ್ಬರದು ಒಂದೊಂದಾಗುತ್ತದೆ. ಕುಲದ ಹೆಸರನ್ನು, ಅಂದರೆ ಮೊದಲ ಪದವನ್ನು, ಒಂದೇ ಅಕ್ಷರಕ್ಕೆ ಇಳಿಸಬೇಡಿ. ರೋಮನ್ ‘C’ ಎಂದರೆ ಸೆಂಟ್ರೋಪೈಗಿ, ಕೀಟೋಡಾನ್, ಕ್ರೈಸಿಪ್ಟೆರಾ, ಕ್ರೋಮಿಸ್ ಯಾವುದೂ ಆಗಬಹುದು. ಪಕ್ಕದಲ್ಲಿ ವ್ಯಾಪಾರದ ಹೆಸರು, ಸೆಂಟಿಮೀಟರ್ ಲೆಕ್ಕದಲ್ಲಿ ಅಳತೆ, ಹಿಡಿದ ಪ್ರದೇಶ, ಮರಿಯೋ ಬೆಳೆದದ್ದೋ ಎನ್ನುವುದು ಬೇಕು. ಪ್ರದೇಶದ ಮಾತು ತುಂಬ ಉಪಯೋಗಕ್ಕೆ ಬರುತ್ತದೆ: ಹಿಂದೂ ಮಹಾಸಾಗರದಿಂದ ಬಂದ ಸೇಲ್‌ಫಿನ್ ಟ್ಯಾಂಗ್‌ಗೆ ‘ವೆಲಿಫೆರಮ್’ (ಪೆಸಿಫಿಕ್‌ನ ಪ್ರಭೇದ) ಎಂಬ ಲೇಬಲ್ ಇದ್ದರೆ ಅನುಮಾನಿಸಿ, ಅದು ಜೆಬ್ರಸೋಮಾ ಡೆಸ್ಜಾರ್ಡಿನೀ ಇರಬೇಕು.

ವೈಜ್ಞಾನಿಕ ಹೆಸರೂ ಬದಲಾಗುತ್ತದೆ ಎಂದು ಕೆಲವರು ಅದನ್ನು ಬಿಟ್ಟೇಬಿಡುತ್ತಾರೆ, ಇದು ನನಗೆ ಸರಿ ಕಾಣುವುದಿಲ್ಲ. ಬದಲಾವಣೆಗೆ ದಾಖಲೆ ಇರುತ್ತದೆ. ಮರೂನ್ ಕ್ಲೌನ್ ಪ್ರೆಮ್ನಾಸ್ ಬೈಅಕ್ಯುಲಿಯೇಟಸ್ ಆಗಿದ್ದದ್ದು ಆಂಫಿಪ್ರಿಯಾನ್ ಬೈಅಕ್ಯುಲಿಯೇಟಸ್ ಆಯಿತು. ಎರಡನೆಯ ಪದ ಉಳಿದಿದೆ. ಹಾಗಾಗಿ ಹುಡುಕುವುದಾದರೆ ಎರಡನೆಯ ಪದದಿಂದ ಹುಡುಕಿ, ಕೊನೆಯ ಅಕ್ಷರಗಳನ್ನು ಬಿಟ್ಟು. ಫ್ಲೇಮ್ ಏಂಜೆಲ್ ಹಳೆಯ ಪಟ್ಟಿಯಲ್ಲಿ ಲೊರಿಕ್ಯುಲಸ್, ಈಗ ಲೊರಿಕ್ಯುಲಾ. ಈಗ ಚಾಲ್ತಿಯಲ್ಲಿರುವ ಹೆಸರಿಗೆ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಎಷ್ಮೆಯರ್ ಕ್ಯಾಟಲಾಗ್ ನೋಡಿ, ಫೋಟೊ ಮತ್ತು ಅಳತೆಗೆ ಫಿಶ್‌ಬೇಸ್ ಎಂಬ ವೆಬ್‌ಸೈಟ್.

ಬಾಕ್ಸ್ ತೆರೆದ ಕೂಡಲೇ ಮಾಡಬೇಕಾದ್ದು ಒಂದಿದೆ: ಬ್ಯಾಗ್ ಮೇಲಿನ ಕೋಡ್, ಮೀನು, ಪಕ್ಕದಲ್ಲಿ ಸ್ಕೇಲ್ ಮೂರೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆಯುವುದು. ಲೈಟ್ ಮಂದ ಇರಲಿ, ಕತ್ತಲಿಂದ ಬಂದ ಮೀನು ಬೆದರುತ್ತದೆ. ದಾರಿಯ ಒತ್ತಡದಿಂದ ಬಣ್ಣ ಮಾಸಿರುವುದರಿಂದ ಪಟ್ಟಿ, ಮುಳ್ಳು, ಬಾಯಿಯ ಆಕಾರವನ್ನು ನಂಬಿ. ಕ್ಲೀನರ್ ರ‍್ಯಾಸ್ ಎಂದು ಬಂದದ್ದರ ಬಾಯಿ ಮೂತಿಯ ತುದಿಯಲ್ಲಿದ್ದರೆ ಲ್ಯಾಬ್ರಾಯ್ಡೀಸ್ ಡಿಮಿಡಿಯೇಟಸ್, ಮೂತಿಯ ಕೆಳಗಿದ್ದರೆ ಆಸ್ಪಿಡಾಂಟಸ್ ಟೀನಿಯೇಟಸ್. ಈ ಎರಡನೆಯದು ಬೇರೆ ಮೀನುಗಳ ರೆಕ್ಕೆ ಕಚ್ಚುತ್ತದೆ. ಗುರುತು ಹೊಂದದಿದ್ದರೆ ಆ ಮೀನನ್ನು ಪ್ರತ್ಯೇಕ ಕ್ವಾರಂಟೈನ್‌ನಲ್ಲಿಟ್ಟು, ಸಪ್ಲೈಯರ್ ಕೊಟ್ಟ ಕ್ಲೇಮ್ ಅವಧಿಯೊಳಗೆ ಆ ಫೋಟೊ ಕಳಿಸಿ.