ಟಗರಿಗೂ ನೆರಳು ಬೇಕು

ಕುರಿ ಗಬ್ಬ ನಿಲ್ಲಲಿಲ್ಲ ಅಂದರೆ ನಮ್ಮ ರಾಯಚೂರು ಕಡೆ ಎಲ್ಲರೂ ಕುರಿಯನ್ನೇ ದೂರುತ್ತಾರೆ. ಮೇವು ಸಾಲಲಿಲ್ಲ, ಜಂತುಹುಳ ಇರಬೇಕು, ಬರಡು ಬಿದ್ದಿದೆ, ಮಾರಿಬಿಡೋಣ. ಪಶುವೈದ್ಯನಾಗಿ ನಾನು ಮೊದಲು ಕೇಳುವುದೇ ಬೇರೆ: ಬೇಸಿಗೆಯಲ್ಲಿ ಟಗರು ಎಲ್ಲಿತ್ತು?

"ಅದಕ್ಕೇನಾಗ್ಯಾದ್ರಿ ಸರ, ಗಟ್ಟಿಮುಟ್ಟ ಅದ ನೋಡ್ರಿ" ಅನ್ನುತ್ತಾರೆ. ನಿಜ, ಬಿಸಿಲಿಗೆ ಬಳಲಿದ ಟಗರೂ ಆಮೇಲೆ ಹುರುಪಿನಿಂದಲೇ ಕುರಿಯ ಮೇಲೆ ಹಾರಬಹುದು. ಕೆಟ್ಟಿರುವುದು ವೀರ್ಯ. ಅದು ಕಣ್ಣಿಗೆ ಕಾಣುವುದಿಲ್ಲವಲ್ಲ!

ಟಗರಿನ ಮೈ ಬಿಸಿ ಸುಮಾರು 39 ಡಿಗ್ರಿ. ಬೀಜ, ಅಂದರೆ ವೃಷಣ, ಅದಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿರಬೇಕು. ಅದಕ್ಕೇ ಅದು ಹೊರಗೆ ಜೋತಾಡುತ್ತದೆ, ಚೀಲದ ಚರ್ಮ ಬೆವರುತ್ತದೆ. ಒಳಗೆ ಹೋಗುವ ಬಿಸಿ ರಕ್ತವನ್ನು ವಾಪಸು ಬರುವ ತಂಪು ರಕ್ತ ದಾರಿಯಲ್ಲೇ ತಣಿಸುತ್ತದೆ. ಆದರೆ 42 ಡಿಗ್ರಿಯಲ್ಲಿ ತಗಡಿನ ಶೆಡ್ಡಿನೊಳಗೆ ನಿಂತರೆ ಈ ಏರ್ಪಾಡೆಲ್ಲ ಸೋಲುತ್ತದೆ.

ಒಳ್ಳೆ ಟಗರಿನ ವೀರ್ಯದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊಳೆಯ ಸುಳಿಗಳ ಹಾಗೆ ಇಡೀ ಹನಿ ತಿರುಗುತ್ತಿರುತ್ತದೆ. ಬಿಸಿಲಿಗೆ ಸಿಕ್ಕಿದ ಟಗರಿನದಾದರೆ ಅಲೆಯೇ ಇಲ್ಲ. ಬಾಲ ಸುರುಳಿ ಸುತ್ತಿದ, ತಲೆ ಕಳಚಿದ ವೀರ್ಯಾಣುಗಳು ಸುಮ್ನೆ ಬಿದ್ದಿರುತ್ತವೆ.

ವೀರ್ಯಾಣು ತಯಾರಾಗಲು ಸುಮಾರು ಏಳು ವಾರ, ಬಲಿಯಲು ಇನ್ನೂ ಒಂದೆರಡು ವಾರ ಬೇಕು. ಮಳೆ ಬಿದ್ದು, ಹಸಿರು ಚಿಗುರಿ, ಜೂನ್‌ನಲ್ಲಿ ಕುರಿ ಬೆದೆಗೆ ಬಂದಾಗ ಟಗರು ಕೊಡುವುದು ಏಪ್ರಿಲ್-ಮೇ ಬಿಸಿಲಿನಲ್ಲಿ ಬೆಂದ ವೀರ್ಯ. ಟಗರಿಗೆ ನೀಲಿ ನಾಲಿಗೆ ಎಂಬ ಕುರಿರೋಗದ ಜ್ವರ ಬಂದರೂ ಇದೇ ಕಥೆ.

ಕುರಿಗೆ ಮಾತ್ರ ಈ ಕಷ್ಟ ಅಂದುಕೊಳ್ಳಬೇಡಿ. ಹಿಟ್ಟಿನ ಡಬ್ಬದಲ್ಲಿ ಕಾಣುವ ಕೆಂಪು ಹುಳದ ಮೇಲೆ ಇಂಗ್ಲೆಂಡಿನ ವಿಜ್ಞಾನಿಗಳು ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. ಐದು ದಿನ 42 ಡಿಗ್ರಿಯಲ್ಲಿಟ್ಟರೆ ಗಂಡಿನ ಫಲವಂತಿಕೆ ಅರ್ಧಕ್ಕಿಳಿಯಿತು. ಮತ್ತೊಂದು ಬಿಸಿಗಾಳಿಗೆ ಒಡ್ಡಿದಾಗ ಹೆಚ್ಚುಕಡಿಮೆ ಸೊನ್ನೆ. ಹೆಣ್ಣುಗಳಿಗೆ ಅಷ್ಟು ಏಟು ಬೀಳಲಿಲ್ಲ. ಬಿಸಿಗಾಳಿಯ ದಿನಗಳು ಜಾಸ್ತಿಯಾಗುತ್ತಿರುವಾಗ ಇದನ್ನು ಓದಿ ನನಗೆ ನಿಜಕ್ಕೂ ಭಯವಾಯಿತು.

ಕುರಿಗಾರರಿಗೆ ನನ್ನ ಕಳಕಳಿಯ ಮಾತು ಇಷ್ಟೇ. ಏಪ್ರಿಲ್‌ನಿಂದಲೇ ಹನ್ನೊಂದರಿಂದ ನಾಲ್ಕರವರೆಗೆ ಟಗರನ್ನು ಬೇವಿನ ನೆರಳಿಗೆ ಕಟ್ಟಿ, ಮುಂದೆ ನೀರಿಡಿ. ಬೆದೆ ಕಾಲದಲ್ಲಿ ಅದರ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಹಚ್ಚಿ. ಹಾರಿದ ಕುರಿಯ ಬೆನ್ನಿಗೆ ಬಣ್ಣ ಹತ್ತುತ್ತದೆ. ಗಬ್ಬ ನಿಲ್ಲದ ಕುರಿ ಸುಮಾರು 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ, ಅಷ್ಟರಲ್ಲಿ ಬಣ್ಣ ಬದಲಿಸಿ. ಅವೇ ಕುರಿಗಳ ಬೆನ್ನ ಮೇಲೆ ಹೊಸ ಬಣ್ಣ ಕಂಡರೆ, ಕುರಿಗಳನ್ನು ಸಂತೆಗೆ ಹೊಡೆಯುವ ಮೊದಲು ಟಗರನ್ನು ನನ್ನ ಹತ್ತಿರ ಕರೆತನ್ನಿ.